ಹೊಟ್ಟೆಯ ರಸ, ಎದೆಯ ಗಂಟು

ಅಕ್ಷರ ಸೊಟ್ಟಗಿದ್ದರೆ ಓದುವವರು ಮನ್ನಿಸಬೇಕು. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು ನಾನು. ಅದರ ಮೇಲೆ ಮೂರು ತಿಂಗಳ ಮೊಮ್ಮಗಳು ತೊಡೆಯ ಮೇಲೆ ಮಲಗಿ, ನಾನು ಒಂದು ಸಾಲು ಬರೆದರೆ ಎರಡು ಸಲ ಒದೆಯುತ್ತಾಳೆ. ಒದೆಯಲಿ ಬಿಡಿ. ಈ ಒದೆ ತಿನ್ನುವ ಭಾಗ್ಯ ನನಗಿಲ್ಲ ಅಂತಲೇ ಎಲ್ಲರೂ ತಿಳಿದಿದ್ದರು, ನಾನೂ ತಿಳಿದಿದ್ದೆ. ಆಗಿದ್ದು ಬೇರೆ. ಅದು ಹೇಗಾಯಿತು ಅಂತ ನೆನೆದರೆ ಇವತ್ತಿಗೂ ಮೈ ಜುಂ ಅನ್ನುತ್ತದೆ. ಹೇಳದೆ ಇದ್ದರೆ ಹೊಟ್ಟೆ ಒಡೆದೇ ಹೋಗುತ್ತದೆ ಅನ್ನಿಸಿ ಬರೆಯಲು ಕೂತೆ.

ನಮ್ಮದು ಅರಕಲಗೂಡಿನಿಂದ ಒಂದು ಹರದಾರಿ ಆಚೆಗಿನ ಹಳ್ಳಿ. ನಾನು ಹೊಳೆನರಸೀಪುರದ ಕಡೆಯಿಂದ ಸೊಸೆಯಾಗಿ ಬಂದವಳು. ಮನೆಯಲ್ಲಿ ಇದ್ದವರು ನಾಕೇ ಜನ: ಅತ್ತೆ, ನಮ್ಮ ಯಜಮಾನರು, ನಾನು, ಹದಿನಾಲ್ಕು ತುಂಬಿದ ಒಬ್ಬಳೇ ಮಗಳು. ಅವಳ ಹಿಂದೆ ಹುಟ್ಟಿದ ಎರಡು ಉಳಿಯಲಿಲ್ಲ. ಯಜಮಾನರಿಗೆ ರಾಗಿ, ಹೊಗೆಸೊಪ್ಪಿನ ಬೇಸಾಯದ ಜೊತೆ ಇನ್ನೊಂದು ಕಸುಬಿತ್ತು. ಹೋರಿಗಳ ಬೀಜ ಒಡೆದು ಎತ್ತು ಮಾಡುವುದು. ಹೋರಿಯನ್ನು ಕೆಡವಿ, ಕಾಲು ಕಟ್ಟಿ, ಎರಡು ಮರದ ಪಟ್ಟಿಯ ನಡುವೆ ಹಿಡಿದು ಒತ್ತಿದರೆ ಮುಗಿಯಿತು. ಆಮೇಲೆ ಅರಿಶಿನ, ಹರಳೆಣ್ಣೆ. ಅವರ ಕೈಯಲ್ಲಿ ಆದ ಎತ್ತಿಗೆ ಕೀವು ಕಟ್ಟುವುದಿಲ್ಲ ಅಂತ ಊರೂರಿನಿಂದ ಹೋರಿ ಹೊಡೆದುಕೊಂಡು ಬರುತ್ತಿದ್ದರು.

ಯುದ್ಧದ ಕಾಲ ಅದು. ಪೆಟ್ರೋಲು ಸಿಕ್ಕದೆ ಬಸ್ಸಿನ ಹಿಂದೆ ಇದ್ದಿಲ ಒಲೆ ಕಟ್ಟಿಕೊಂಡು ಓಡಿಸುತ್ತಿದ್ದರು. ಆಗ ಒಂದು ದಿನ ಎರೆದುಕೊಳ್ಳುವಾಗ ಎಡ ಎದೆಯಲ್ಲಿ ಕಡಲೆಕಾಳಿನಷ್ಟು ಗಟ್ಟಿ ಏನೋ ಕೈಗೆ ಸಿಕ್ಕಿತು. ನೋವಿಲ್ಲ, ಏನಿಲ್ಲ. ಯಾರಿಗೂ ಹೇಳಲಿಲ್ಲ. ಎದೆಯ ಮಾತನ್ನು ಯಾರ ಹತ್ತಿರ ಹೇಳುವುದು?

ನಮ್ಮಲ್ಲಿ ಹೆಂಗಸರು ತಿಂಗಳಿಗೆ ಮೂರು ದಿನ ಹೊರಗೆ ಕೂರಬೇಕು. ಕೊಟ್ಟಿಗೆ ಪಕ್ಕದಲ್ಲಿ ಅದಕ್ಕೇ ಅಂತ ಒಂದು ಸಣ್ಣ ಗುಡಿಸಲಿತ್ತು. ಆ ಮೂರು ದಿನ ಯಾರೂ ಹತ್ತಿರ ಬರುವುದಿಲ್ಲ, ಇಣುಕುವುದೂ ಇಲ್ಲ. ಅನ್ನ ದೂರದಿಂದ ಬರುತ್ತದೆ. ಹಿಂದೆಲ್ಲ ಅಲ್ಲಿ ಕೂತು ಬೇಜಾರಾಗುತ್ತಿತ್ತು. ಆಗ ಮಾತ್ರ ಅದೇ ನನಗೆ ಗುಟ್ಟಿನ ಜಾಗವಾಯಿತು. ಯಜಮಾನರು ಹೋರಿ ಕೊಳ್ಳುವಾಗ ಹಗ್ಗ ಸುತ್ತಿ ಎದೆ ಅಳೆಯುವುದನ್ನು ನೋಡಿದ್ದೆ. ನಾನು ಗಂಟಿನ ಸುತ್ತ ನೂಲು ಸುತ್ತಿ ಅಳೆದೆ. ಹೊರಗೆ ಕೂತ ದಿನ ಕೆಂಪು ನೂಲು. ನಾಲ್ಕನೇ ದಿನ ಎರೆದುಕೊಳ್ಳುವ ಮುಂಚೆ ಬಿಳಿ ನೂಲು. ಅಳತೆಗೆ ಒಂದು ಗಂಟು ಹಾಕಿ ಗೋಡೆಯ ಬಿರುಕಿಗೆ ತುರುಕಿ ಬರುತ್ತಿದ್ದೆ.

ತಿಂಗಳು ತಿಂಗಳಿಗೂ ಎರಡು ನೂಲೂ ಉದ್ದ ಆಗುತ್ತಾ ಬಂದವು. ಆದರೆ ಒಂದು ವಿಚಿತ್ರ ಕಂಡೆ. ಯಾವ ತಿಂಗಳು ತೆಗೆದುಕೊಂಡರೂ ಕೆಂಪಿಗಿಂತ ಬಿಳಿ ಒಂದು ಕೂದಲೆಳೆಯಷ್ಟು ಗಿಡ್ಡ. ಹೊರಗೆ ಕೂರುವ ಮುಂಚೆ ಗಂಟು ಉಬ್ಬುತ್ತಿತ್ತು, ಕೂತೆದ್ದ ಮೇಲೆ ಒಂಚೂರು ಇಳಿಯುತ್ತಿತ್ತು. ಎದೆಯೊಳಗೆ ಕೂತಿರುವುದಕ್ಕೆ ನನ್ನ ಮುಟ್ಟಿನ ದಿನ ಹೇಗೆ ಗೊತ್ತು ಅಂತ ತಲೆ ಕೆಡಿಸಿಕೊಂಡೆ.

ಗಂಟು ನಿಂಬೆಹಣ್ಣಿನಷ್ಟಾದಾಗ ಅತ್ತೆಗೆ ಸಿಕ್ಕಿಬಿದ್ದೆ. ನೀರಿನ ಕೊಡ ಎತ್ತಲು ಹೋದರೆ ಎಡಗೈ ಮೇಲೇಳಲಿಲ್ಲ. ಕಂಕುಳಲ್ಲೂ ಗೋಲಿಯಂಥದ್ದು ಎರಡಿತ್ತು. ಅತ್ತೆ ಒಳಕ್ಕೆ ಕರೆದುಕೊಂಡು ಹೋಗಿ ಸೆರಗು ಸರಿಸಿ ನೋಡಿದರು. ನೂಲುಗಳನ್ನೂ ತೋರಿಸಿದೆ.

“ಕೆಟ್ ನೆತ್ರ ಕಣೇ ಇದು. ಕೆಳಕ್ಕೋಗ್ಬೇಕಾದ್ದು ದಾರಿ ತಪ್ಪಿ ಮ್ಯಾಕತ್ತದೆ, ಎಪ್ಪುಗಟ್ಟಿ ಕುಂತದೆ. ನಿನ್ ನೂಲೇ ಏಳ್ತಾ ಅದಲ್ಲ! ನೆತ್ರ ಓದ್ಮ್ಯಾಲೆ ಇಳೀತದೆ. ಇನ್ನೂ ಚೆಂದಾಗಿ ಓಗಂಗೆ ಮಾಡಿದ್ರೆ ಪೂರಾ ಇಳೀತದೆ.”

ಮಾತು ನ್ಯಾಯವಾಗಿಯೇ ಕಂಡಿತು. ನಾಲ್ಕು ತಿಂಗಳು ಎಳ್ಳು ಬೆಲ್ಲ, ಪರಂಗಿಕಾಯಿ, ಬೇರು ಕುದಿಸಿದ ಕಷಾಯ, ಅತ್ತೆ ಕೊಟ್ಟಿದ್ದನ್ನೆಲ್ಲ ಕುಡಿದೆ. ರಕ್ತ ಧಾರಾಳವಾಗಿ ಹೋಯಿತು. ನಾನು ಕಡ್ಡಿಯಾದೆ. ಗಂಟು ಮಾತ್ರ ದಪ್ಪವಾಯಿತು, ಮೇಲಿನ ಚರ್ಮ ಒಳಕ್ಕೆ ಎಳೆದುಕೊಂಡಿತು.

ಸುದ್ದಿ ಊರಿನಲ್ಲಿ ನಿಲ್ಲುತ್ತದೆಯೇ? ಹೋರಿಗಳ ಬೀಜ ಒಡೆದ ಪಾಪ ಹೆಂಡತಿಯ ಎದೆಗೆ ಬಂತು ಅಂತ ಬಾವಿಕಟ್ಟೆಯಲ್ಲಿ ಆಡಿಕೊಂಡರು. ಯಜಮಾನರು ಮರದ ಪಟ್ಟಿಗಳನ್ನು ಸೂರಿಗೆ ಸಿಕ್ಕಿಸಿದರು. ಕೊರವಂಗಲದ ಕಡೆಯಿಂದ ಅಷ್ಟು ದೂರ ಹೋರಿ ಹೊಡೆದುಕೊಂಡು ಬಂದವರನ್ನೂ ನೀರು ಕೊಟ್ಟು ವಾಪಸು ಕಳಿಸಿದರು.

ಅಷ್ಟರಲ್ಲಿ ಮಗಳಿಗೆ ಚನ್ನರಾಯಪಟ್ಟಣದಲ್ಲಿ ಗಂಡು ಗೊತ್ತಾಗಿತ್ತು. ನನಗೆ ಇದ್ದ ಆಸೆ ಒಂದೇ. ಮದುವೆ ಯಾರಾದರೂ ನಿಂತು ಮಾಡಿಸುತ್ತಾರೆ. ಚೊಚ್ಚಲ ಬಾಣಂತನ ಮಾತ್ರ ತಾಯಿಯೇ ಮಾಡಬೇಕು. ತಾಯಿಯಿಲ್ಲದ ತವರಿಗೆ ಬಂದ ಬಸುರಿಯರನ್ನು ನಾನು ನೋಡಿದ್ದೆ. ಅತ್ತಿಗೆಯರ ಮುಖ ನೋಡಿಕೊಂಡು ಬಿಸಿನೀರು ಕೇಳುತ್ತಿದ್ದರು ಪಾಪ. ನನ್ನ ಮಗಳಿಗೆ ಅತ್ತಿಗೆಯೂ ಇರಲಿಲ್ಲ.

ಕೊನೆಗೆ ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಅತ್ತೆ, ಯಜಮಾನರು, ನಾನು ಮೂರು ಜನವೂ ಇದ್ದಿಲ ಬಸ್ಸು ಹತ್ತಿ ಹಾಸನಕ್ಕೆ ಹೋದೆವು. ಹೆಂಗಸರನ್ನು ನೋಡುವ ಡಾಕ್ಟರಮ್ಮ ಒಬ್ಬರಿದ್ದರು. ನಮ್ಮ ಸೀಮೆಯವರೇ, ಬಿಳಿ ಸೀರೆ, ಕನ್ನಡಕ. ಎದೆ ನೋಡಿದರು, ಕಂಕುಳು ಒತ್ತಿದರು, ಬೆನ್ನು ತಟ್ಟಿದರು. ಯಜಮಾನರನ್ನು ಬಾಗಿಲ ಹೊರಗೆ ಕರೆದು ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು.

“ಗೆಡ್ಡೆ ಕೊಯ್ದು ತೆಗೆಯೋ ಹಂತ ದಾಟಿದೆ. ಕೈ ಹಾಕಿದರೆ ಇನ್ನೂ ಕೆಡುತ್ತೆ.”

“ಎಷ್ಟು ದಿನ ತಾಯಿ?”

“ಒಂದು ವರ್ಷ ಅಂದುಕೊಳ್ಳಿ. ಜಾಸ್ತಿ ಆದರೆ ದೇವರ ದಯೆ.”

ಒಂದು ವರ್ಷ. ಮಗಳು ಇನ್ನೂ ಗಂಡನ ಮನೆ ನೋಡಿಲ್ಲ. ಅಳು ಬರಲಿಲ್ಲ ನನಗೆ. ಸಾಯುವುದೇ ಆದರೆ ಆ ಕೆಂಪು ಬಿಳಿಯ ಗುಟ್ಟನ್ನಾದರೂ ತಿಳಿದು ಸಾಯೋಣ ಅನ್ನಿಸಿತು. ಡಾಕ್ಟರಮ್ಮ ಒಳಗೆ ಬಂದಾಗ ಸೆರಗಿನ ತುದಿ ಬಿಚ್ಚಿ ನೂಲಿನ ಕಂತೆಯನ್ನು ಮೇಜಿನ ಮೇಲೆ ಸುರಿದೆ.

“ಇದ್ಯಾಕೆ ಇಂಗೆ ತಾಯಿ? ಒರ್ಗೆ ಕೂರೋ ಮುಂಚೆ ಉಬ್ತದೆ, ಎದ್ಮ್ಯಾಲೆ ತಗ್ತದೆ. ಕೆಂಪಿನ್ದು ಮುಂಚೆ, ಬಿಳೀದು ಆಮ್ಯಾಲೆ.”

ಅವರು ಕುರ್ಚಿ ಎಳೆದು ಕೂತರು. ಒಂದೊಂದೇ ನೂಲನ್ನು ನೀಟಾಗಿ ಚಾಚಿ, ಪಕ್ಕಕ್ಕೆ ಅಳತೆ ಪಟ್ಟಿ ಇಟ್ಟು, ಜೋಡಿ ಜೋಡಿಯಾಗಿ ಸಾಲಿಟ್ಟರು.

“ಯಾರಮ್ಮಾ ಹೇಳಿಕೊಟ್ಟಿದ್ದು ಇದನ್ನ?”

“ಯಾರೂ ಇಲ್ಲ. ನಮ್ಮನೇರು ಓರಿ ಎದೇನ ಅಗ್ಗದಲ್ಲಿ ಅಳೀತಾರೆ. ನನ್ ಎದೆಗೆ ನೂಲು ಸಾಕಾಯ್ತು.”

ಅವರು ಜೋರಾಗಿ ನಕ್ಕುಬಿಟ್ಟರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ ಹೇಳಿದ ಮಾತನ್ನು ನನ್ನ ಕೈಲಾದಷ್ಟು ಇಲ್ಲಿ ಬರೆಯುತ್ತೇನೆ.

“ಹೆಂಗಸರ ಎದೆಯೇ ತಿಂಗಳಿಗೊಮ್ಮೆ ಬಿಗಿಯುತ್ತಮ್ಮ. ಹಾಗಾಗಿ ಈ ನೂಲೊಂದನ್ನೇ ನಂಬಿ ನಾನು ಏನೂ ಆಣೆ ಮಾಡಲ್ಲ. ಆದರೆ ನೀನು ಕೇಳಿದ್ದು ಸರಿಯಾದ ಪ್ರಶ್ನೆ. ಗರ್ಭಕೋಶದ ಎರಡು ಪಕ್ಕ ಎರಡು ಗಂಟಿವೆ, ಒಂದೊಂದು ಬಾದಾಮಿಯಷ್ಟು. ಹೆಣ್ಣಿನ ಬೀಜ ಇರೋದು ಅದರೊಳಗೆ. ಅವು ಒಂದು ರಸ ಮಾಡಿ ನೇರವಾಗಿ ರಕ್ತಕ್ಕೆ ಬಿಡ್ತವೆ. ಹಾರ್ಮೋನ್ ಅಂತಾರೆ. ಹುಡುಗಿ ದೊಡ್ಡವಳಾಗುವಾಗ ಎದೆ ತುಂಬೋದು ಆ ರಸದ ಮಾತು ಕೇಳಿಯೇ. ಕೆಲವರ ಎದೆಗೆಡ್ಡೆಯೂ ಅದೇ ರಸ ಉಂಡು ಬೆಳೆಯುತ್ತೆ. ಆ ಎರಡು ಬಾದಾಮಿ ತೆಗೆದುಬಿಟ್ಟರೆ ಗೆಡ್ಡೆಗೆ ಊಟ ನಿಲ್ಲಬಹುದು. ಎಲ್ಲರಿಗೂ ಹಿಡಿಯಲ್ಲ. ಯಾರಿಗೆ ಹಿಡಿಯುತ್ತೆ ಅಂತ ಮೊದಲೇ ಹೇಳೋಕೆ ಯಾರಿಗೂ ಬರಲ್ಲ. ಹಿಡಿದರೂ ಮತ್ತೆ ಬರಬಹುದು. ಮುಟ್ಟು ನಿಂತುಹೋಗುತ್ತೆ, ಮಕ್ಕಳಾಗಲ್ಲ. ಯೋಚನೆ ಮಾಡಿ ಹೇಳಿ.”

ನಾನು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತುಬಿಟ್ಟೆ. ಮೂವತ್ನಾಲ್ಕು ವರ್ಷ ಈ ಮೈ ಹೊತ್ತು ತಿರುಗಿದ್ದೇನೆ, ಒಳಗೆ ಹೀಗೊಂದು ಆಡಳಿತ ನಡೆಯುತ್ತಿದೆ ಅಂತ ಗೊತ್ತೇ ಇರಲಿಲ್ಲ. ಹೊಕ್ಕುಳ ಕೆಳಗಿನ ಒಂದು ಬಾದಾಮಿ, ದಾರಿಯಲ್ಲಿ ಯಾರಿಗೂ ಹೇಳದೆ, ಕರುಳಿಗೂ ಹೇಳದೆ ಗುಂಡಿಗೆಗೂ ಹೇಳದೆ, ಎದೆಗೆ ಮಾತ್ರ ಬೆಳೆ ಅನ್ನುತ್ತದಂತೆ. ರಕ್ತ ಮೈಯೆಲ್ಲ ಓಡುತ್ತದೆ, ಮಾತು ಮಾತ್ರ ಕೇಳಬೇಕಾದವರಿಗೇ ಕೇಳಿಸುತ್ತದೆ. ಸಾಯುತ್ತೇನೆ ಅನ್ನುವ ಭಯ ಒಂದು ಗಳಿಗೆ ಮರೆತೇಹೋಯಿತು ಅಂದರೆ ನೀವು ನಂಬಬೇಕು.

ಆಸ್ಪತ್ರೆ ಅಂಗಳದ ಹೊಂಗೆಮರದ ಕೆಳಗೆ ಅತ್ತೆ ಬುತ್ತಿ ಬಿಚ್ಚಿದ್ದರು. ವಿಷಯ ಕೇಳಿದ್ದೇ ತಡ, ರೊಟ್ಟಿ ಕೆಳಗಿಟ್ಟರು.

“ಮುಟ್ಟೇ ನಿಲ್ಲುಸ್ತಾರಂತಾ? ಆ ನೆತ್ರ ಎಲ್ಗೋಗ್ಬೇಕು ಮತ್ತೆ? ಎಲ್ಲಾ ಮ್ಯಾಕತ್ತಿ ಇವ್ಳ ಎದೆ ಒಡೆದೋಯ್ತದೆ! ಗಂಡು ಕೂಸೊಂದಿಲ್ಲ ಮನೇಲಿ, ಅದ್ಕೂ ಕಲ್ಲಾಕ್ತಾರಂತೆ.” ಆಮೇಲೆ ಮಗನ ಕಡೆ ತಿರುಗಿದರು. “ನೀನು ಓರಿಗೆ ಮಾಡಿದ್ನೇ ನಿನ್ ಎಂಡ್ತಿಗೆ ಮಾಡ್ತೀನಿ ಅಂತಾವ್ಳೆ ಕಣ್ಲಾ ಆವಮ್ಮ! ಸಾಪ ಅಂದ್ರೆ ಇದೇಯಾ.”

ಯಜಮಾನರ ಮುಖ ಬೂದಿಯಾಯಿತು. ಕಡ್ಡಿಯೊಂದರಿಂದ ನೆಲ ಕೆರೆಯತೊಡಗಿದರು. ಅತ್ತೆ ಎರಡು ರೊಟ್ಟಿ ತಿಂದು ಕೈ ತೊಳೆದರು. ಆಗ ಯಜಮಾನರು ತಲೆ ಎತ್ತಿದರು.

“ಅವ್ವಾ, ಓರಿ ಇಣಿಲು ನೋಡಿದ್ದೀಯಲ್ಲ?” ಹೋರಿಯ ಹೆಗಲ ಮೇಲೆ ಗುಡ್ಡದ ಹಾಗೆ ಎದ್ದಿರುತ್ತದಲ್ಲ, ಅದಕ್ಕೆ ನಮ್ಮಲ್ಲಿ ಇಣಿಲು ಅನ್ನುತ್ತಾರೆ.

“ನೋಡ್ದೆ ಏನ್ಲಾ? ಕುರುಡಿಯಾ ನಾನು?”

“ಬೀಜ ಎಲ್ಲದೆ? ಇಂದ್ಗಡೆ, ಕಾಲ್ ಸಂದೀಲಿ. ಇಣಿಲು ಎಲ್ಲದೆ? ಮುಂದ್ಗಡೆ, ಎಗಲ್ ಮ್ಯಾಲೆ. ನಾನು ಯಾವತ್ತಾರ ಇಣಿಲು ಮುಟ್ಟಿದ್ದೀನಾ?”

“ಇಲ್ಲ.”

“ಮುಟ್ಟಲ್ಲ. ಬೀಜ ಒಡೀತೀನಿ ಅಷ್ಟೇಯಾ. ನಾಕ್ ತಿಂಗ್ಳು ಬುಟ್ಟು ನೋಡಿದ್ರೆ ಇಣಿಲು ಕರಗಿರ್ತದೆ. ಕತ್ತು ಸಣ್ಗಾಗಿರ್ತದೆ. ಇಪ್ಪತ್ ವರ್ಸದಿಂದ ಕಣ್ಣಾರೆ ನೋಡ್ತಾ ಇವ್ನಿ, ಯಾಕಂತ ಒಂದಿನ ಕೇಳ್ಕಳ್ಳಿಲ್ಲ. ಇವತ್ತು ಆವಮ್ಮ ಏಳುದ್ಲು. ಅಲ್ಲಿಂದ ಇಲ್ಗೆ ಏನೋ ಓಯ್ತದೆ ಕಣವ್ವ. ಅದು ನಿಂತ್ರೆ ಇದು ಬಾಡ್ತದೆ.”

“ದನ ಬ್ಯಾರೆ, ಮನುಸ್ರು ಬ್ಯಾರೆ.”

“ಏನ್ ಬ್ಯಾರೆ? ಅವುಕ್ಕೆ ಕೊಂಬದೆ, ನಿಂಗಿಲ್ಲ. ಆದ್ರೂ ಗುಮ್ತೀಯ!”

ಅತ್ತೆಗೆ ನಗು ಬಂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಯಜಮಾನರು ನನ್ನ ಕಡೆ ನೋಡಿದರು. ಅಲ್ಲಿಯವರೆಗೆ ಮದುವೆಯಾಗಿ ಅಷ್ಟು ವರ್ಷದಲ್ಲಿ ನನ್ನನ್ನು ಯಾವುದನ್ನೂ ಕೇಳಿ ಮಾಡಿದವರಲ್ಲ.

“ನೀ ಏನಂತೀಯೆ? ಮೈ ನಿಂದು.”

“ಮಗಳ ಬಾಣಂತನ ನಾನೇ ಮಾಡ್ಬೇಕು,” ಅಂದೆ.

“ಅಂಗಾರೆ ಏಳು, ಒಳಿಕ್ಕೋಗನ.”

ಮೂಗಿಗೆ ಬಟ್ಟೆ ಇಟ್ಟು ಏನೋ ತೊಟ್ಟಿಕ್ಕಿದ್ದು, ಎಣಿಸು ಅಂದದ್ದು, ನಾನು ಹನ್ನೊಂದರ ತನಕ ಎಣಿಸಿದ್ದು ನೆನಪಿದೆ. ಎದ್ದಾಗ ಹೊಟ್ಟೆಗೆ ಪಟ್ಟಿ ಸುತ್ತಿದ್ದರು. ಎದೆಯ ಮೇಲೆ ಒಂದು ಗೀರೂ ಇಲ್ಲ, ಗಂಟು ಇದ್ದಲ್ಲೇ ಇತ್ತು. ಹದಿನೈದು ದಿನ ಹಾಸನದಲ್ಲೇ ಇದ್ದು ಮನೆಗೆ ಬಂದೆವು.

ಬಂದ ಮೇಲೆ ಬೆಂಕಿ ಶುರುವಾಯಿತು. ಸುಮ್ಮನೆ ಅಕ್ಕಿ ಆರಿಸುತ್ತಾ ಕೂತಿದ್ದರೆ ಎದೆಯಿಂದ ಕತ್ತಿಗೆ, ಕತ್ತಿನಿಂದ ಕಿವಿಗೆ ಬಿಸಿ ಏರಿ ಬೆವರು ಸುರಿದುಹೋಗುತ್ತಿತ್ತು. ಅದಾದ ಮೇಲೆ ಎರಡು ಗಳಿಗೆ ಚಳಿ. ಅತ್ತೆ ನಡುನೆತ್ತಿಗೆ ಹರಳೆಣ್ಣೆ ತಟ್ಟುತ್ತಾ, “ನಾನೇಳ್ಲಿಲ್ವಾ? ನೆತ್ರ ದಾರಿ ಕಾಣ್ದೆ ಕುದೀತಾ ಅದೆ,” ಅನ್ನುತ್ತಿದ್ದರು. ನನಗೆ ಹೆದರಿಕೆ ಇಲ್ಲದೆ ಇರಲಿಲ್ಲ. ಆದರೆ ನಾವು ಆಸ್ಪತ್ರೆಯಿಂದ ಹೊರಡುವಾಗಲೇ ಡಾಕ್ಟರಮ್ಮ ಕಿವಿಯಲ್ಲಿ ಹೇಳಿದ್ದರು: “ಬೆಂಕಿ ಬಿದ್ದ ಹಾಗಾಗುತ್ತೆ. ಆದರೆ ಖುಷಿ ಪಡು. ರಸ ನಿಂತಿದೆ ಅಂತ ಅರ್ಥ.” ಹಾಗಾಗಿ ಪ್ರತಿ ಸಲ ಬಿಸಿ ಏರಿದಾಗಲೂ ಒಳಗೊಳಗೇ, ಉರಿ ತಾಯಿ ಉರಿ, ಅನ್ನುತ್ತಿದ್ದೆ.

ಮೊದಲ ತಿಂಗಳು ಹೊರಗೆ ಕೂರಲಿಲ್ಲ. ಬಚ್ಚಲಲ್ಲಿ ನೂಲು ಸುತ್ತಿದೆ. ನೂಲಿಗೆ ಹಾಕಿದ್ದ ಹಳೇ ಗಂಟಿಗೇ ಬಂತು, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಎರಡನೇ ತಿಂಗಳು ಅಳತೆ ಅಷ್ಟೇ, ಆದರೆ ಒತ್ತಿದರೆ ಕಲ್ಲಿನ ಹಾಗಿದ್ದದ್ದು ಹಸಿ ಗೆಣಸಿನ ಹಾಗಿತ್ತು. ಭ್ರಮೆ ಇರಬೇಕು ಅಂತ ಸುಮ್ಮನಾದೆ. ಮೂರನೇ ತಿಂಗಳು ಸುತ್ತಿದ ನೂಲು ಸಡಿಲವಾಗಿ ಜಾರಿ ನೀರಿಗೆ ಬಿತ್ತು. ಮತ್ತೆ ಸುತ್ತಿದೆ, ಮತ್ತೆ ಜಾರಿತು. ಕಂಕುಳಿಗೆ ಕೈ ಹಾಕಿದರೆ ಗೋಲಿಗಳಲ್ಲಿ ಒಂದು ಇಲ್ಲ. ನಾನು ಒದ್ದೆ ಬಟ್ಟೆಯಲ್ಲೇ ಬಚ್ಚಲ ಬಾಗಿಲು ತೆರೆದು, “ಅತ್ತೇ!” ಅಂತ ಕಿರುಚಿದೆ. ಹಾವೇನೋ ಬಂತು ಅಂತ ಅವರು ಒನಕೆ ಹಿಡಿದುಕೊಂಡು ಓಡಿಬಂದರು.

ಐದನೇ ತಿಂಗಳಿಗೆ ಅತ್ತೆ ತಾವೇ ಕೈಯಿಟ್ಟು ಹುಡುಕಿದರು.

“ಎಲ್ಲೇ ಅದು?”

“ಅಲ್ಲೇ ನೋಡಿ ಅತ್ತೆ.”

“ಸಿಗಾಕಿಲ್ವಲ್ಲೇ!” ಅವರು ಕೈ ಹಿಂದಕ್ಕೆ ತೆಗೆದು ನನ್ನ ಮುಖ ನೋಡಿದರು. “ಮುಟ್ಟಿದ್ ಜಾಗ ಒಂದು, ಕರಗಿದ್ ಜಾಗ ಒಂದು. ಯಾವ ದ್ಯಾವ್ರು ಮಾಡ್ದ ಕಟ್ಟೋಣನೇ ಇದು?” ಆಮೇಲೆ ಕಣ್ಣೊರೆಸಿಕೊಂಡು ತಮ್ಮ ಮಾಮೂಲಿ ಗತ್ತಿಗೆ ಬಂದರು. “ನಾನು ಐವತ್ತಕ್ಕೆ ಮುದ್ಕಿ ಆದೆ. ನೀನು ಮೂವತ್ತೈದಕ್ಕೇ ನನ್ ಸಮಕ್ಕೆ ಬಂದ್ಬುಟ್ಯಲ್ಲೇ! ಇನ್ಮ್ಯಾಲೆ ಉಪ್ಪಿನ್ಕಾಯಿ ಜಾಡೀನ ವರ್ಸ್ ಪೂರ್ತಿ ನೀನೇ ಮುಟ್ಟು. ನಂಗೆ ಸಾಕಾಗದೆ.”

ಯಜಮಾನರು ಸೂರಿನಿಂದ ಪಟ್ಟಿ ಇಳಿಸಿದರು. ಅವರಲ್ಲಿ ಒಂದು ಬದಲಾವಣೆ ಕಂಡೆ. ಹೋರಿ ಕೆಡವುವ ಮುಂಚೆ ಅದರ ಇಣಿಲಿನ ಸುತ್ತ ಹಗ್ಗ ಸುತ್ತಿ ಗಂಟು ಹಾಕಿಕೊಳ್ಳುತ್ತಿದ್ದರು. ನಾಲ್ಕು ತಿಂಗಳು ಬಿಟ್ಟು ಅದೇ ಎತ್ತನ್ನು ಹುಡುಕಿಕೊಂಡು ಹೋಗಿ ಮತ್ತೆ ಅಳೆಯುತ್ತಿದ್ದರು. ಮುಂದಿನ ಸಲ ಹಾಸನಕ್ಕೆ ಹೋದಾಗ ಮೂರು ಜೊತೆ ಹಗ್ಗವನ್ನು ಡಾಕ್ಟರಮ್ಮನ ಮೇಜಿನ ಮೇಲಿಟ್ಟು, “ನಿಮ್ ಮಾತು ದಿಟ ತಾಯಿ, ದನದಲ್ಲೂ ಅಂಗೇಯಾ,” ಅಂದರು. ಡಾಕ್ಟರಮ್ಮ ಹಗ್ಗಗಳನ್ನು ಜೋಪಾನವಾಗಿ ಬೀರುವಿನಲ್ಲಿಟ್ಟರು. ನನ್ನ ಎದೆ, ಕಂಕುಳು ಎರಡೆರಡು ಸಲ ಒತ್ತಿ ನೋಡಿದರು. ಆಮೇಲೆ ಹೇಳಿದರು, ಪುಸ್ತಕದಲ್ಲಿ ಓದಿದ್ದೆ, ಕೈಯಲ್ಲಿ ಮುಟ್ಟಿದ್ದು ಇದೇ ಮೊದಲು ಅಂತ. ಮತ್ತೆ ಬಂದರೆ ಎದೆಗುಂದಬೇಡ ಅಂತಲೂ ಹೇಳಿದರು. ಆ ಮಾತನ್ನು ನಾನು ಮರೆತಿಲ್ಲ. ಈಗಲೂ ಎರೆದುಕೊಳ್ಳುವಾಗ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ.

ಮಗಳ ಮದುವೆಯಾಯಿತು. ವರ್ಷ ಕಳೆದು, ಅದರ ಮೇಲೂ ವರ್ಷ ಕಳೆದು, ಬಸುರಿ ಅಂತ ಚನ್ನರಾಯಪಟ್ಟಣದಿಂದ ಕಾಗದ ಬಂತು. ಆ ಕಾಗದವನ್ನು ನಾನು ಎಷ್ಟು ಸಲ ಓದಿದೆನೋ, ಮಡಿಕೆಯಲ್ಲಿ ಹರಿದೇಹೋಯಿತು. ಏಳನೇ ತಿಂಗಳಿಗೆ ಯಜಮಾನರು ಹೋಗಿ, ಹೊಳೆನರಸೀಪುರದಲ್ಲಿ ಒಂದು ಹೊತ್ತು ಇಳಿಸಿ ಸುಧಾರಿಸಿ, ಅವಳನ್ನು ಕರೆತಂದರು. ಬಿಸಿನೀರಿನ ಹಂಡೆ ನಾನೇ ತಿಕ್ಕಿದೆ. ಸಾಮ್ರಾಣಿ, ಬಜೆ, ಹಳೇ ಸೀರೆಯ ಮೆತ್ತನೆ ಬಟ್ಟೆ, ಎಲ್ಲ ನಾನೇ ಕೂಡಿಟ್ಟೆ. ಅತ್ತೆ ಏನಾದರೂ ಎತ್ತಲು ಬಂದರೆ ಜಗಳವಾಡಿ ಕಿತ್ತುಕೊಳ್ಳುತ್ತಿದ್ದೆ.

ಹೆಣ್ಣು ಮಗು, ಸೂರ್ಯ ಹುಟ್ಟುವ ಹೊತ್ತಿಗೆ. ಹೊಕ್ಕುಳಬಳ್ಳಿ ಕೊಯ್ದು ಸೂಲಗಿತ್ತಿ ನನ್ನ ಕೈಗೆ ಕೊಟ್ಟಳು. ಬಿಸಿ ರೊಟ್ಟಿಯ ಹಾಗೆ ಕೈ ಸುಟ್ಟಿತು. ಅತ್ತೆ, “ಗಂಡಲ್ದಿದ್ರೂ ಗಂಟ್ಲು ಗಂಡಿನ್ದೇಯಾ,” ಅಂದರು.

ಎರಡು ದಿನ ಮಗು ಚೀಪಿದರೂ ಏನೂ ಬರಲಿಲ್ಲ, ಬಂದರೂ ಒಂದು ಹನಿ ಹಳದಿ. ಮೂರನೇ ದಿನ ಹೊತ್ತೇರುವಾಗ ನಾನು ಹಂಡೆಗೆ ಸೌದೆ ಒಟ್ಟುತ್ತಿದ್ದೆ. ಒಳಗಿಂದ ಮಗಳು ಚೀರಿದಳು.

“ಅವ್ವಾ! ಅವ್ವಾ, ನಂಗೂ ಬಂದ್ಬುಡ್ತು!”

ಓಡಿದೆ. ಅವಳು ರವಿಕೆ ಬಿಚ್ಚಿಕೊಂಡು ಕೂತಿದ್ದಳು. ಮುಖದಲ್ಲಿ ರಕ್ತವಿಲ್ಲ. ನನ್ನ ಕೈ ಹಿಡಿದು ತನ್ನ ಎದೆಗೆ ಒತ್ತಿಕೊಂಡಳು. ಎರಡೂ ಕಲ್ಲಾಗಿದ್ದವು. ಎಡದ್ದರಲ್ಲಿ ಕಂಕುಳ ತನಕ ಗಂಟು ಗಂಟು.

“ನಿನ್ ಗಂಟೇ ಅಲ್ವೇನವ್ವಾ ಇದು? ಸುಳ್ಳೇಳ್ಬೇಡ.”

ನನ್ನ ಬೆರಳಿಗೆ ಆ ಗಟ್ಟಿಯ ಪರಿಚಯ ನನಗಿಂತ ಚೆನ್ನಾಗಿತ್ತು. ಮತ್ತೊಂದು ಸಲ ಒತ್ತಿದೆ. ಆಮೇಲೆ ಬಿಸಿ ತಗುಲಿತು, ಅಂಗೈ ಒದ್ದೆಯಾಯಿತು.

“ಅಯ್ಯೋ ನನ್ ಕೂಸೇ, ಆಲು ಕಣೇ ಇದು! ಆಲಿಳೀತಾ ಅದೆ!”

ಬಿಸಿನೀರಲ್ಲಿ ಬಟ್ಟೆ ಅದ್ದಿ ಹಿಂಡಿ, ಎದೆಗೆ ಕಾವು ಕೊಟ್ಟೆ. ಮಗುವಿನ ತಲೆ ಹಿಡಿದು ಬಾಯಿ ತುಂಬಾ ಮೊಲೆ ಕಚ್ಚಿಸಿದೆ. ಮೊದಲು ಮುಖ ಗಂಟಿಕ್ಕಿತು, ಆಮೇಲೆ ಗುಟುಕ್, ಗುಟುಕ್ ಅಂತ ಗಂಟಲಲ್ಲಿ ಸದ್ದು ಶುರುವಾಯಿತು. ನನ್ನ ಅಂಗೈ ಮಗಳ ಎದೆಯ ಮೇಲೇ ಇತ್ತು. ಅದರ ಕೆಳಗೆ ಒಂದೊಂದೇ ಗಂಟು ಕರಗುತ್ತಾ ಹೋಯಿತು. ಮಗು ಹೊರಗೆ ಬಂತು, ಅದರ ಹಿಂದೆ ಮಾಸೂ ಹೊಟ್ಟೆಯಿಂದ ಬಿತ್ತು ಅಂತ ಎದೆಗೆ ಸುದ್ದಿ ಮುಟ್ಟಿಸಿದವರು ಯಾರು? ಹೆರಿಗೆಯಾದ ಮೂರೇ ದಿನಕ್ಕೆ, ತಪ್ಪದೆ, ಹಾಲೇ ಮಾಡು ಅಂತ ಹೇಳಿದವರು ಯಾರು? ನನ್ನೊಳಗೆ ಗೆಡ್ಡೆ ಸಾಕಿದ ಆ ರಸದ ಬಳಗವೇ ಇವಳೊಳಗೆ ಅಮೃತ ಇಳಿಸುತ್ತಿತ್ತು. ಒಂದೇ ಮನೆಯ ಒಲೆ ಅಡಿಗೆಯನ್ನೂ ಮಾಡುತ್ತದೆ, ಸೂರನ್ನೂ ಸುಡುತ್ತದೆ. ಬೈಯಲು ಬಾಯಿ ಬರಲಿಲ್ಲ ನನಗೆ. ಕೈ ಮುಗಿಯೋಣ ಅಂದರೆ ಕೈ ಖಾಲಿ ಇರಲಿಲ್ಲ.

“ಏನ್ ನೋಡ್ತಾ ಇದ್ದೀಯವ್ವಾ?” ಮಗಳು ಕೇಳಿದಳು. ಮುಖಕ್ಕೆ ಬಣ್ಣ ಬಂದಿತ್ತು.

“ಏನಿಲ್ಲ ಕಣೇ. ಸುಮ್ಕೆ ಕುಡುಸು,” ಅಂದೆ. ಅಷ್ಟರಲ್ಲಿ ಇನ್ನೊಂದು ಪಕ್ಕದಿಂದಲೂ ಹಾಲು ತಾನಾಗಿ ಚಿಮ್ಮಿ, ನನ್ನ ಮೊಳಕೈ ತೋಯಿಸಿಕೊಂಡು ಹಾಸಿಗೆಗೆ ಹರಿಯಿತು.